ಡಬ್ಬಿ ಎಲ್ಲಿ ಖಾಲಿ ಮಾಡೋಣು?

ಪುಣೆಯಿಂದ ಗೋವಾಕ್ಕೆ ಹೊರಟವರು ತಿಂಡಿ ಎಲ್ಲಿ, ಊಟ ಎಲ್ಲಿ ಎಂದು ಲೆಕ್ಕ ಹಾಕುತ್ತಾರೆ. ಹೋದ ಡಿಸೆಂಬರಿನಲ್ಲಿ ನಾನು ಹಾಕಿದ್ದು ಅದರ ಇನ್ನೊಂದು ತುದಿಯ ಲೆಕ್ಕ.

ಕಾರಣ ಅವ್ವ. ಅವಳಿಗೆ 74 ವರ್ಷ. ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ, ಜೊತೆಗೆ ಸಕ್ಕರೆ ಕಾಯಿಲೆ. ಕೆಳಗೆ ಕೂರಲು ಆಗುವುದಿಲ್ಲ, ಗಂಟೆಗೊಮ್ಮೆ ಹೋಗದೆ ಇರಲೂ ಆಗುವುದಿಲ್ಲ. ಹೈವೇ ಹೋಟೆಲುಗಳ ಒದ್ದೆ ನೆಲ ಕಂಡರೆ ಜಾರಿ ಬೀಳುವ ಭಯ. ಹಾಗಾಗಿ ಪ್ರಯಾಣದ ದಿನ ಬೆಳಗಿನಿಂದ ನೀರೇ ಮುಟ್ಟುವುದಿಲ್ಲ. ನಮ್ಮ ಮನೆಯ ಹೆಂಗಸರೆಲ್ಲ ಹೀಗೇ ಮಾಡುತ್ತ ಬಂದಿದ್ದರಂತೆ. ನನ್ನ ಗಮನಕ್ಕೆ ಬಂದದ್ದು ಮಾತ್ರ ಒಮ್ಮೆ ಸಾತಾರಾ ಹತ್ತಿರ ಅವ್ವನಿಗೆ ತಲೆ ಸುತ್ತಿ ಬಂದಾಗ. ಆಮೇಲೆ "ನಾ ಎಲ್ಲೂ ಬರಂಗಿಲ್ಲ" ಎಂದು ಕೂತುಬಿಟ್ಟಳು. ಆದರೆ ವಾಡಿಗೆ ಒಮ್ಮೆ ಹೋಗಬೇಕು ಎಂಬ ಆಸೆ ಹಾಗೇ ಇತ್ತು. ಧಾರವಾಡದವರ ಮುಂದೆ 'ವಾಡಿ' ಅಂದರೆ ಸಾಕು, ಯಾವ ವಾಡಿ ಎಂದು ಯಾರೂ ಕೇಳುವುದಿಲ್ಲ. ಕೊಲ್ಹಾಪುರದ ಆಚೆಗಿನ ನರಸೋಬಾ ವಾಡಿ, ದತ್ತನ ಸನ್ನಿಧಿ.

ಕ್ಯಾರವಾನ್ ತಗೊಂಡು ಹೋಗೋಣ ಎಂದವಳು ನನ್ನ ಮಗಳು. ಪುಣೆಯಲ್ಲಿ ಡ್ರೈವರ್ ಸಮೇತ ಬಾಡಿಗೆಗೆ ಸಿಗುತ್ತದೆ. ಟ್ರಾವೆಲರ್ ವ್ಯಾನಿನ ಸೀಟು ಕಿತ್ತು ಹಾಸಿಗೆ, ಒಲೆ, ಸಿಂಕು, ಹಿಂದಿನ ಮೂಲೆಯಲ್ಲಿ ಕಮೋಡು ಇರುವ ಪುಟ್ಟ ಶೌಚಾಲಯ ಕೂರಿಸಿದ ಗಾಡಿ. ಗಾಡಿ ತೋರಿಸಿದವನು ಟಿವಿ, ಎಸಿ, ನೇರಳೆ ಲೈಟುಗಳ ಬಗ್ಗೆ ಇಪ್ಪತ್ತು ನಿಮಿಷ ಹೇಳಿದ. ಶೌಚಾಲಯಕ್ಕೆ ಅರ್ಧ ನಿಮಿಷ ಕೊಟ್ಟ. ಹೊರಗಿನಿಂದ ಗಾಡಿಯ ಪಕ್ಕೆಯಲ್ಲಿ ಒಂದು ಸಣ್ಣ ಬಾಗಿಲು. ತೆಗೆದರೆ ಒಳಗೊಂದು ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ಎರಡು ಗಾಲಿ, ಎಳೆಯುವ ಹಿಡಿ. ಥೇಟ್ ಟ್ರಾಲಿ ಬ್ಯಾಗು. "ತುಂಬಿದರೆ ಖಾಲಿ ಮಾಡಿಕೊಳ್ಳಿ" ಎಂದ. "ಎಲ್ಲಿ?" ಎಂದೆ. "ಕುಠೇಹಿ" ಎಂದ. ಎಲ್ಲಾದರೂ ಅಂತ. ಎಲ್ಲಾದರೂ ಅಂದರೆ ಎಲ್ಲೂ ಇಲ್ಲ ಅಂತಲೇ ಅರ್ಥ, ಅಲ್ವಾ.

ರಾತ್ರಿ ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಭಾವ ಎರಡು ಸಲ ಇಂಥ ಗಾಡಿ ಬಾಡಿಗೆಗೆ ಪಡೆದು ಸುತ್ತಿದವರು. ಅಲ್ಲಿ ಇದಕ್ಕೆಂದೇ ಡಂಪ್ ಸ್ಟೇಷನ್ ಇರುತ್ತವೆ. ಕ್ಯಾಂಪ್‌ಗ್ರೌಂಡುಗಳಲ್ಲಿ, ಲಾರಿಗಳು ನಿಲ್ಲುವ ದೊಡ್ಡ ಪೆಟ್ರೋಲ್ ಪಂಪುಗಳಲ್ಲಿ, ಕೆಲವು ರಾಜ್ಯಗಳಲ್ಲಿ ಹೈವೇ ವಿಶ್ರಾಂತಿ ತಾಣಗಳಲ್ಲೂ. ಮುಂದಿನದು ಎಲ್ಲಿದೆ, ಎಷ್ಟು ದುಡ್ಡು ಎಂದು ಹೇಳುವ ಆ್ಯಪ್‌ಗಳೂ ಇವೆಯಂತೆ. ಅವರ ಗಾಡಿಗೆ ಎರಡು ಟ್ಯಾಂಕು: ಕಮೋಡಿನದು ಕಪ್ಪು ನೀರು, ಸಿಂಕು ಮತ್ತು ಸ್ನಾನದ್ದು ಬೂದು ನೀರು. "ಮೊದಲ ಕೈಗೆ ಗ್ಲೌಸ್ ಹಾಕ್ಕೋಬೇಕು ತಮ್ಮಾ. ಪೈಪ್ ಜೋಡಿಸಿ ಮೊದಲ ಕಪ್ಪು ಬಿಡಬೇಕು, ಆಮ್ಯಾಲೆ ಬೂದು. ಅಂದ್ರ ಸೋಪಿನ ನೀರು ಪೈಪ್ ತೊಳಕೊಂಡು ಹೋಗ್ತದ" ಎಂದಳು. ಕ್ಯಾಂಪಿನಲ್ಲಿ ಪೈಪ್ ಸದಾ ಜೋಡಿಸಿರುತ್ತದೆ ಎಂದು ಕಪ್ಪಿನ ವಾಲ್ವನ್ನು ತೆರೆದೇ ಬಿಡಬಾರದಂತೆ. ನೀರು ಹರಿದುಹೋಗಿ ಗಟ್ಟಿ ಒಳಗೇ ಗುಡ್ಡೆ ಕಟ್ಟುತ್ತದೆ. ಭಾವ ಮೊದಲ ಸಲ ಆ ಗುಡ್ಡ ಕಟ್ಟಿದ್ದರಂತೆ. ಅದನ್ನು ಹೇಳುವಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ನಮ್ಮದು ಅಷ್ಟು ದೊಡ್ಡ ಸಂಸಾರವಲ್ಲ. ಒಂದೇ ಡಬ್ಬಿ, ಹಿಡಿಯುವುದು 20 ಲೀಟರ್. ಎರಡು ದಿನ ಸಾಕಾಗುತ್ತದೆ ಎಂದಿದ್ದ ಮಾಲೀಕ. ಆದರೆ ಈ ಡಬ್ಬಿ ಮಾಡಿದವರು ಕಾಗದ ಬಳಸುವ ಜನ. ನಾವು ನೀರಿನವರು. ಚೊಂಬಿನಲ್ಲಿ ಒಂದು ಲೀಟರ್, ಫ್ಲಶ್ ಅರ್ಧ ಲೀಟರ್, ಉಳಿದದ್ದು ಸೇರಿ ಒಂದು ಸಲಕ್ಕೆ ಎರಡು ಲೀಟರ್ ಇಟ್ಟುಕೊಳ್ಳಿ. ಹತ್ತು ಸಲಕ್ಕೆ ಡಬ್ಬಿ ಭರ್ತಿ. ಅವ್ವ ಒಬ್ಬಳೇ ದಿನಕ್ಕೆ ಎಂಟು ಸಲ.

ಹಾಗಾಗಿ ದಿನಕ್ಕೊಂದು ಜಾಗ ಬೇಕು. ಮಹಾರಾಷ್ಟ್ರ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ನೀತಿ ತಂದಿದೆ. ಕ್ಯಾರವಾನ್ ಪಾರ್ಕುಗಳ ಮಾತೂ ಅದರಲ್ಲಿದೆ. ನಮ್ಮ ದಾರಿಯಲ್ಲಿ ನನಗೆ ಒಂದೂ ಸಿಗಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಬೇರೆಯೇ ಸಂಗತಿ. ಹೈವೇಯಿಂದ ಸ್ವಲ್ಪ ಒಳಗಿರುವ ವಾಯಿ ಊರಿನಲ್ಲಿ ಮೂರು ವರ್ಷಕ್ಕೊಮ್ಮೆ ಸರದಿ ಪ್ರಕಾರ ಪ್ರತಿ ಮನೆಯ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವ ಏರ್ಪಾಡಿದೆ. ಆ ಕೊಚ್ಚೆಯನ್ನು ಶುದ್ಧ ಮಾಡುವ ಘಟಕ 2018ರಿಂದ ನಡೆಯುತ್ತಿದೆ. ಢೋಲ್ಯಾ ಗಣಪತಿಯನ್ನು ನೋಡಲು ನಾನು ನಾಲ್ಕು ಸಲ ವಾಯಿಗೆ ಹೋಗಿದ್ದೇನೆ, ಇದು ಗೊತ್ತೇ ಇರಲಿಲ್ಲ. ನಮ್ಮ ದೇವನಹಳ್ಳಿಯಲ್ಲಿ ಇಂಥದ್ದು 2015ರಲ್ಲೇ ಬಂದಿತ್ತು. ವಿಮಾನ ಹಿಡಿಯಲು ಆ ಕಡೆ ಎಷ್ಟು ಸಲ ಹೋಗಿಲ್ಲ! ಆದರೆ ಅವು ಟ್ಯಾಂಕರ್ ಲಾರಿಗಳು ಬಂದು ಸುರಿಯುವ ಜಾಗ. ನನ್ನ 20 ಲೀಟರ್ ಡಬ್ಬಿ ಎಳೆದುಕೊಂಡು ಆ ಸಾಲಿನಲ್ಲಿ ನಿಲ್ಲುವುದು ಅತಿಯಾಯಿತು ಅನ್ನಿಸಿತು.

ಕೊನೆಗೆ ಸರಳ ಉಪಾಯ ಹೊಳೆಯಿತು. ಡಬ್ಬಿಯನ್ನು ಯಾವ ಕಮೋಡಿಗೆ ಬೇಕಾದರೂ ಸುರಿಯಬಹುದು, ಅದರ ಹಿಂದೆ ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿ ಇದ್ದರೆ ಆಯಿತು. ಒಂದೇ ಷರತ್ತು. ಡಬ್ಬಿಗೆ ಹಾಕಲು ಮಾಲೀಕ ಕೊಟ್ಟಿದ್ದ ನೀಲಿ ದ್ರಾವಣ ಫಾರ್ಮಾಲ್ಡಿಹೈಡ್ ಇರುವಂಥದ್ದು. ಅದು ವಾಸನೆಯ ಜೊತೆಗೆ ಸೆಪ್ಟಿಕ್ ಟ್ಯಾಂಕಿನಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ನನ್ನ ಹೆಂಡತಿ ಮೋಸಂಬಿ ಸಿಪ್ಪೆ, ಬೆಲ್ಲ, ನೀರು ಸೇರಿಸಿ ಮೂರು ತಿಂಗಳು ಹುಳಿ ಬರಿಸಿ ನೆಲ ಒರೆಸುವ ಬಯೋ ಎಂಜೈಮ್ ಮಾಡುತ್ತಾಳೆ. ಬಾಲ್ಕನಿಯ ಆ ಬಾಟಲಿಗಳನ್ನು ನಾನು ತುಂಬ ದಿನ ಗೇಲಿ ಮಾಡಿದ್ದೆ. ನೀಲಿ ಬಾಟಲಿ ಮನೆಯಲ್ಲಿ ಉಳಿಯಿತು, ಮೋಸಂಬಿ ಬಾಟಲಿ ಗಾಡಿ ಹತ್ತಿತು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಕಾತ್ರಜ್ ಸುರಂಗ, ಖೇಡ್ ಶಿವಾಪುರ ಟೋಲ್, ಖಂಬಾಟಕಿ ಘಾಟು. ಅವ್ವ ಒಳಗೆ ಬಂದು ಮೊದಲು ನೋಡಿದ್ದು ಒಲೆ ಎಲ್ಲಿದೆ, ಅದು ಎಲ್ಲಿದೆ ಎಂದು. ಎರಡಕ್ಕೂ ಒಂದೇ ಗೋಡೆ. "ಒಲಿ ಬಾಜೂಕ ಪಾಯಖಾನಿ! ನಮ್ಮತ್ತಿ ಇದ್ದಿದ್ರ ಏನಂತಿದ್ರೋ" ಎಂದಳು. ಆದರೆ ಮೊದಲ ಸಲ ಹೋಗಿ ಬಂದವಳ ಮುಖ ಅರಳಿತ್ತು. ಕರಾಡ ದಾಟುವ ಹೊತ್ತಿಗೆ ಎರಡು ಬಾಟಲಿ ನೀರು, ಒಂದು ಲೋಟ ಮಜ್ಜಿಗೆ ಕುಡಿದಿದ್ದಳು. ಹೈವೇ ಮೇಲೆ ಅವ್ವ ಮಜ್ಜಿಗೆ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊಲ್ಹಾಪುರ ಮುಟ್ಟುವಷ್ಟರಲ್ಲಿ ಡಬ್ಬಿಯ ಕೆಂಪು ದೀಪ ಹತ್ತಿತು. ಅಂಬಾಬಾಯಿಯ ದರ್ಶನ ಮಾಡಿಕೊಂಡು, ಗಾಡಿ ನಿಲ್ಲಿಸಲು ಮೊದಲೇ ಮಾತಾಡಿಟ್ಟಿದ್ದ ಲಾಡ್ಜಿಗೆ ಹೋದೆವು. ಫೋನಿನಲ್ಲಿ "ಬಾತ್‌ರೂಮ್ ಬಳಸಿಕೊಳ್ಳಿ" ಎಂದು ಒಪ್ಪಿದ್ದ ಮ್ಯಾನೇಜರ್ ಡಬ್ಬಿ ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಇದರಲ್ಲಿ ಇರುವುದು ನಿಮ್ಮ ಬಾತ್‌ರೂಮಿಗೆ ಹೇಗೂ ಬರುತ್ತಿತ್ತು, ಸ್ವಲ್ಪ ತಡವಾಗಿ ಬರುತ್ತಿದೆ ಅಷ್ಟೇ ಎಂದು ವಿವರಿಸಿ ನೋಡಿದೆ. ವಾದ ಸರಿ ಇತ್ತು, ಉಪಯೋಗವಾಗಲಿಲ್ಲ.

ಡ್ರೈವರ್ ದಾದಾ ಬೀಡಿ ಆರಿಸಿ ಹತ್ತಿರ ಬಂದ. ಇದು ತನ್ನ ಕೆಲಸವಲ್ಲ ಎಂದು ಪುಣೆಯಲ್ಲೇ ಹೇಳಿಬಿಟ್ಟಿದ್ದ. ನಾನೂ ಒಪ್ಪಿದ್ದೆ. ಸಲಹೆ ಮಾತ್ರ ಕೊಟ್ಟ: ಕತ್ತಲಾಗಿದೆ, ನದಿ ಕಡೆ ಹೋಗುವ ನಾಲೆಗೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಹಿಂದೆ ಬಂದ ಪಾರ್ಟಿಗಳೂ ಹಾಗೇ ಮಾಡಿದ್ದಾರೆ. ನಿಜ ಹೇಳುತ್ತೇನೆ, ಒಂದು ಕ್ಷಣ ನಾನು 'ಹೂಂ' ಅನ್ನುವುದರಲ್ಲಿದ್ದೆ. ದಣಿವಾಗಿತ್ತು. ಒಳಗಿನಿಂದ ಅವ್ವ ಕೇಳಿದಳು.

"ಯಾವ ಹೊಳಿ ಅದು?"

"ಪಂಚಗಂಗಾ."

"ಅದು ಮುಂದ ಎಲ್ಲಿಗೆ ಹೋಗ್ತದ?"

ನಾನು ಸುಮ್ನಿದ್ದೆ. ಪಂಚಗಂಗಾ ಕೊಲ್ಹಾಪುರ ದಾಟಿ ಹೋಗಿ ಕೃಷ್ಣೆಗೆ ಸೇರುವುದು ನರಸೋಬಾ ವಾಡಿಯಲ್ಲೇ. ಆ ಸಂಗಮದ ದಂಡೆಯ ಮೇಲೇ ದತ್ತನ ಪಾದುಕೆ ಇರುವುದು.

"ನಾಳೆ ನಾ ಆ ನೀರು ತಲಿ ಮ್ಯಾಲೆ ಹಾಕ್ಕೊಳ್ಳಾಕಿ. ನಂದ ನನಗ ಕಳಸ್ತೀ ಏನು?"

ದಾದಾನಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು. ಗಾಡಿ ಸ್ಟಾರ್ಟ್ ಮಾಡಿದ.

ಮತ್ತೆ ಹೈವೇಗೆ ಬಂದು ಎರಡು ಪೆಟ್ರೋಲ್ ಪಂಪು ಬಿಟ್ಟು ಮೂರನೆಯದರಲ್ಲಿ ಒಪ್ಪಿಗೆ ಸಿಕ್ಕಿತು. ಒಪ್ಪಿದವರು ಅಲ್ಲಿ ಶೌಚಾಲಯ ತೊಳೆಯುವ ಮೌಶಿ. ಡಬ್ಬಿಯನ್ನು ನೋಡಿ ಅವರು ಮುಖ ಸಿಂಡರಿಸಲಿಲ್ಲ. "ತಾವೇ ಸುರಿಯುತ್ತೀರೋ, ನನ್ನ ಕೈಲಿ ಮಾಡಿಸುತ್ತೀರೋ?" ಎಂದು ಮರಾಠಿಯಲ್ಲಿ ಕೇಳಿದರು. ನಾನೇ ಎಂದ ಮೇಲೆ ಕೊನೆಯ ಬಾಗಿಲು ತೋರಿಸಿದರು. ಗ್ಲೌಸ್ ಹಾಕಿದೆ, ಮುಚ್ಚಳ ತಿರುಗಿಸಿದೆ, ಬಗ್ಗಿಸಿದೆ. ಡಬ್ಬಿಯ ಮೇಲೆ ಗಾಳಿ ಒಳಗೆ ಬಿಡುವ ಒಂದು ಗುಂಡಿ ಇರುತ್ತದೆ, ಸುರಿಯುವಾಗ ಹೆಬ್ಬೆರಳಿನಿಂದ ಅದನ್ನು ಒತ್ತಿಯೇ ಹಿಡಿಯಬೇಕು. ಮಾಲೀಕನ ಅರ್ಧ ನಿಮಿಷದಲ್ಲಿ ಅದು ಬಂದಿರಲಿಲ್ಲ. ಗುಳುಗುಳು ಎಂದು ಎರಡು ಸಲ ಸದ್ದಾಯಿತು, ಮೂರನೆಯ ಗುಳುಕ್ಕಿಗೆ ನನ್ನ ಪ್ಯಾಂಟು ಹೋಯಿತು. ಮೌಶಿ ಬಕೆಟ್ಟು ತಂದಿಟ್ಟು "ನಿಧಾನ, ಎಲ್ಲ ಒಂದೇ ಸಲಕ್ಕೆ ಹೋಗಲ್ಲ" ಎಂದರು. ಅರ್ಧ ಸುರಿದು ನೀರು ಹಾಕುವುದು, ಮತ್ತೆ ಅರ್ಧ. ನೆಲ ತೊಳೆದೆ. ಅವರು ನನ್ನ ಹಿಂದೆಯೇ ಇನ್ನೊಮ್ಮೆ ತೊಳೆದರು, ನನ್ನದು ಅವರಿಗೆ ಸರಿ ಕಾಣಲಿಲ್ಲ. ಇನ್ನೂರು ರೂಪಾಯಿ ಕೊಟ್ಟೆ. ತೆಗೆದುಕೊಂಡರು.

ಮೈ ತೊಳೆದು ಬಟ್ಟೆ ಬದಲಿಸಿ ಬಂದಾಗ ಅವ್ವ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕೆಯ ಸಣ್ಣ ಬಾಗಿಲು ಇನ್ನೂ ತೆರೆದೇ ಇತ್ತು. ಅದನ್ನೇ ನೋಡುತ್ತಿದ್ದಳು.

"ನಮ್ಮ ಮನಿಗೂ ಇಂಥಾದ್ದೊಂದು ಬಾಗಲಾ ಇತ್ತು. ಹಿಂದಿನ ಓಣಿಗೆ" ಎಂದಳು. ಧಾರವಾಡದ ಅವಳ ತವರುಮನೆಯ ಮಾತು. ಹಿತ್ತಲ ಪಾಯಖಾನೆ ಎತ್ತರದಲ್ಲಿ, ಕೆಳಗೆ ಬುಟ್ಟಿ, ಓಣಿಯ ಕಡೆಯಿಂದ ತೆಗೆಯುವ ತಗಡಿನ ಬಾಗಿಲು. ಬೆಳಗಿನ ಜಾವ ಒಬ್ಬಾಕೆ ಬಂದು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳಂತೆ. ಮನೆಯವರು ಆಕೆಯನ್ನು ನೋಡಬಾರದು, ಆಕೆ ಮನೆಯವರನ್ನು ನೋಡಬಾರದು, ಬಾಗಿಲಿನ ಸದ್ದು ಮಾತ್ರ ಕೇಳಿಸುತ್ತಿತ್ತು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದಾಗ ಅವ್ವನಿಗೆ ಇಪ್ಪತ್ತರ ಆಸುಪಾಸು. ದೇಶಕ್ಕೆಲ್ಲ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ.

"ಆಕಿ ಹೆಸರೇನು?" ಎಂದು ಮಗಳು ಕೇಳಿದಳು.

ಅವ್ವ ತುಂಬ ಹೊತ್ತು ಯೋಚಿಸಿದಳು. "ಯಾರೂ ಕೇಳಿರಲಿಲ್ಲವಾ" ಎಂದಳು. ಆಮೇಲೆ ಎದ್ದು, ಕೋಲು ಊರಿಕೊಂಡು, ಮೌಶಿ ಕೂತಿದ್ದ ಕುರ್ಚಿಯ ತನಕ ಹೋಗಿ ತನ್ನ ಹರಕು ಮರಾಠಿಯಲ್ಲಿ ಏನೋ ಮಾತಾಡಿದಳು. ಬರುವಾಗ ಹೆಸರು ಕೇಳಿಕೊಂಡು ಬಂದಿದ್ದಳು.

ಮರುದಿನ ವಾಡಿಯಲ್ಲಿ ಎಲ್ಲ ಚೆನ್ನಾಗಿಯೇ ಆಯಿತು. ಸಂಗಮದ ಮೆಟ್ಟಿಲು ಇಳಿಯಲು ಅವ್ವನಿಗೆ ಆಗಲಿಲ್ಲ, ಮಗಳು ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುವ ಮುಂಚೆ ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಬಾಸುಂದಿ ಕಟ್ಟಿಸಿಕೊಂಡು ಹೊರಟೆವು. ನಿಪ್ಪಾಣಿಯಲ್ಲಿ ಕನ್ನಡ ಬೋರ್ಡು ಕಂಡದ್ದೇ ಅವ್ವನಿಗೆ ತನ್ನ ಊರಿಗೆ ಬಂದಷ್ಟು ಖುಷಿ. ಆ ಖುಷಿ ಮುಗಿಯುವ ಮುಂಚೆಯೇ ಆಜರಾ ಕಡೆಗೆ ತಿರುಗಿ ಮತ್ತೆ ಮಹಾರಾಷ್ಟ್ರ. ಅಂಬೋಲಿ ಘಾಟು ಇಳಿದು ಸಾವಂತವಾಡಿ, ಬಾಂದಾ, ಗೋವಾ.

ಗೋವಾದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಎರಡು ರಾತ್ರಿ ಇದ್ದೆವು. ಸಮುದ್ರದ ದಂಡೆಗೆ ಗಾಡಿ ನಿಲ್ಲಿಸಿ ಅವಲಕ್ಕಿ ಮಾಡುವ ಕನಸಿತ್ತು. ಪ್ರವಾಸಿ ಜಾಗಗಳಲ್ಲಿ ಬಯಲಿನಲ್ಲಿ ಅಡುಗೆ ಮಾಡಿದರೆ ದಂಡ ಎಂದು 2019ರಲ್ಲೇ ಕಾನೂನು ಮಾಡಿದ್ದಾರೆ. ಒಳ್ಳೆಯದೇ ಮಾಡಿದ್ದಾರೆ. ಉಳಿದುಕೊಂಡ ಮನೆಯ ಮಾಲೀಕರು ಡಬ್ಬಿ ನೋಡಿದ್ದೇ ಕೇಳಿದ ಮೊದಲ ಪ್ರಶ್ನೆ: ಒಳಗೆ ಯಾವ ಕೆಮಿಕಲ್ ಹಾಕಿದ್ದೀರಿ? ಅವರ ಹಿತ್ತಲಲ್ಲಿ ಬಾವಿ, ಸ್ವಲ್ಪ ದೂರದಲ್ಲಿ ಕೊಳೆ ನೀರು ಇಂಗುವ ಸೋಕ್ ಪಿಟ್. ಮೋಸಂಬಿ ಬಾಟಲಿ ತೋರಿಸಿದೆ. ಮೂಸಿ ನೋಡಿದರು. ಹಿತ್ತಲ ಶೌಚಾಲಯದ ಕೀಲಿ ಕೊಟ್ಟು, ನನ್ನ ಹೆಂಡತಿಯಿಂದ ಅದನ್ನು ಮಾಡುವ ವಿಧಾನ ಬರೆಸಿಕೊಂಡರು. ಅವಳು ಆ ದಿನ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಬರುವುದಿಲ್ಲ.

ವಾಪಸ್ ಬರುವಾಗ ಇನ್ನೊಂದು ಪಾಠ. ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಅಂಬೋಲಿಗೆ ಹತ್ತಿದ ಮೇಲೆ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಉಬ್ಬಿರುತ್ತದೆ. ಮುಖ ಬೇರೆ ಕಡೆ ಮಾಡಿ ನಿಧಾನವಾಗಿ ತೆರೆಯಬೇಕು. ಮಗಳು ಹಾಗೆ ಮಾಡಲಿಲ್ಲ. ಬುಸ್ ಎಂದ ಸದ್ದು ಡ್ರೈವರ್ ಸೀಟಿನ ತನಕ ಕೇಳಿಸಿತು. ದಾದಾ ಟೈರ್ ಪಂಚರ್ ಎಂದು ಗಾಡಿ ಬದಿಗೆ ಹಾಕಿದ.

ಪುಣೆಗೆ ಬಂದಾಗ ರಾತ್ರಿ ಹತ್ತು. ಡಬ್ಬಿ ಅರ್ಧ ತುಂಬಿತ್ತು. ಖಾಲಿ ಮಾಡಿ ತೊಳೆದು ಗಾಡಿ ಒಪ್ಪಿಸಬೇಕು, ದಾದಾ ಗೇಟಿನಲ್ಲಿ ಕಾಯುತ್ತಿದ್ದ. ನಮ್ಮ ಮನೆ ನಾಲ್ಕನೆಯ ಮಹಡಿ. ಎಳೆಯುವ ಹಿಡಿ ತೆಗೆದು ಗರಗರ ಎಂದು ಲಿಫ್ಟಿನ ಕಡೆ ಹೊರಟೆ. ವಾಚ್‌ಮನ್ ಓಡಿ ಬಂದು "ಬ್ಯಾಗ್ ಕೊಡಿ ಸಾಹೇಬ್" ಎಂದ. ಬೇಡ ಬೇಡ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಲಿಫ್ಟಿನಲ್ಲಿ ಪಕ್ಕದ ಮನೆಯ ಕಾಕು ಇದ್ದರು. ಅವ್ವನನ್ನು ನೋಡಿ ಸಂತೋಷಪಟ್ಟರು. ಕಾಲು ಹೇಗಿದೆ, ದರ್ಶನವಾಯಿತೇ ಎಂದೆಲ್ಲ ಕೇಳಿದರು. ಆಮೇಲೆ ಅವರ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಇಷ್ಟು ಜೋಪಾನವಾಗಿ ಹಿಡಿದಿದ್ದೀರಿ! ಗೋವಾದಿಂದ ಏನು ತಂದಿರಿ?"

ನಾನು ಲಿಫ್ಟಿನ ಅಂಕಿಗಳನ್ನು ನೋಡುತ್ತ ನಿಂತೆ. ಎರಡು. ಮೂರು. ಅವ್ವ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಅಚ್ಚ ಧಾರವಾಡ ಕನ್ನಡದಲ್ಲಿ, ನಗುತ್ತ ಹೇಳಿದಳು:

"ಗೋವಾದ್ದೇನೂ ಇಲ್ಲವಾ, ಎಲ್ಲಾ ನಮ್ದ ಅದ."