ಹೈಸ್ಕೂಲ್ ಫುಟ್‌ಬಾಲ್: ಮಣ್ಣಿನ ಮೈದಾನದಿಂದ ಟರ್ಫಿಗೆ, ತಯಾರಿಯ ಟಿಪ್ಪಣಿ

ನಮ್ಮ 17 ವರ್ಷದೊಳಗಿನ ತಂಡ ಜಿಲ್ಲಾ ಮಟ್ಟ ದಾಟಿ ವಿಭಾಗ ಮಟ್ಟಕ್ಕೆ ಹೋಗಿದೆ. ಶಾಲೆಗೆ ಇದು ಮೊದಲ ಸಲ, ಹುಡುಗರು ದುಡಿದು ಗಳಿಸಿದ್ದು. ಮುಂದಿನ ಪಂದ್ಯ ಕೃತಕ ಟರ್ಫಿನ (ಕೃತಕ ಹುಲ್ಲಿನ ಹಾಸು) ಮೇಲೆ. ಅಭ್ಯಾಸಕ್ಕೆ ಇರುವುದು ಮಾತ್ರ ಕೆಂಪು ಮಣ್ಣಿನ ಗ್ರೌಂಡು.

ದೊಡ್ಡ ತೊಡಕು ಮೊದಲ ಟಚ್, ಅಂದರೆ ಬಂದ ಚೆಂಡನ್ನು ಮೊದಲ ಸಲ ಕಾಲಿಗೆ ತಗುಲಿಸಿ ಹಿಡಿತಕ್ಕೆ ತರುವುದು. ಗಟ್ಟಿ ಮಣ್ಣಿನಲ್ಲಿ ಚೆಂಡು ಎತ್ತೆತ್ತಲೋ ಪುಟಿಯುವುದರಿಂದ ಹುಡುಗರಿಗೆ ಅಂಗಾಲಿನಡಿ ಒತ್ತಿ ನಿಲ್ಲಿಸುವ ಅಭ್ಯಾಸ. ಟರ್ಫಿನಲ್ಲಿ ಚೆಂಡು ನೇರ ಉರುಳಿ ಬರುತ್ತದೆ. ಒತ್ತಿ ನಿಲ್ಲಿಸುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಅದಕ್ಕೇ ಶಾಲೆಯ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ 8 ಮೀಟರ್ ಚೌಕ ಹಾಕಿ, ಹೊರಗೆ ಪಾಸ್ ಮಾಡುವ ನಾಲ್ವರು, ಒಳಗೆ ಚೆಂಡು ಕಸಿಯಲು ಒಬ್ಬ, ಒಬ್ಬೊಬ್ಬರಿಗೆ ಎರಡೇ ಟಚ್. ಚೆಂಡು ಕಡಿಮೆ ಪುಟಿಯುವ 4ನೇ ಸೈಜಿನ ಫುಟ್ಸಾಲ್ (ಒಳಾಂಗಣ ಫುಟ್‌ಬಾಲ್) ಚೆಂಡು. ಪಾದದ ಒಳಬದಿಯಿಂದ, ಮುಂದಿನ ಪಾಸ್ ಹೋಗಬೇಕಾದ ಕಡೆಗೇ ತಳ್ಳಬೇಕು. 20 ನಿಮಿಷ ಸಾಕು. ಸಿಮೆಂಟಿನ ಮೇಲೆ ಹೆಚ್ಚು ಓಡಿಸಿದರೆ ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ. ನೆಲಕ್ಕೆ ಜಾರಿ ಚೆಂಡು ಕಸಿಯುವ ಸ್ಲೈಡಿಂಗ್ ಪೂರ್ತಿ ಬಂದ್.

ಪಾಸಿನ ಬಲವೂ ತಗ್ಗಬೇಕು. ಮಣ್ಣಿಗೆ ಬೇಕಾದ ಜೋರಿನಲ್ಲೇ ಹೊಡೆದರೆ ಥ್ರೂ ಬಾಲ್ (ಡಿಫೆಂಡರ್‌ಗಳ ನಡುವೆ ನುಗ್ಗಿಸುವ ಪಾಸ್) ನೇರ ಎದುರಾಳಿ ಗೋಲ್‌ಕೀಪರನ ಕೈಗೆ.

ಪಂದ್ಯದ ಚೆಂಡು 5ನೇ ಸೈಜು, ತೂಕ 410ರಿಂದ 450 ಗ್ರಾಂ. ನಿಯಮದಂತೆ ಗಾಳಿ 0.6ರಿಂದ 1.1 ಅಟ್ಮಾಸ್ಫಿಯರ್. ಮಣ್ಣಿನಲ್ಲಿ 0.6ರ ಹತ್ತಿರ ಇಟ್ಟರೆ ಪುಟಿತ ತಗ್ಗುತ್ತದೆ. ಪಂಪಿನ ಸೂಜಿಗೆ ಒಂದು ಹನಿ ಗ್ಲಿಸರಿನ್ ಸವರಿ. ಒಣ ಸೂಜಿ ಚುಚ್ಚಿದರೆ ವಾಲ್ವಿನ ರಬ್ಬರ್ ಹರಿದು ಗಾಳಿ ಮೆಲ್ಲಗೆ ಸೋರುತ್ತದೆ.

ಶೂ ವಿಷಯದಲ್ಲಿ ರಾಜಿ ಬೇಡ. ಉದ್ದ ಸ್ಟಡ್ (ಶೂ ಅಡಿಯ ಮೊಳೆಯಂಥ ಗುಬುಟು) ಟರ್ಫಿನಲ್ಲಿ ಕಚ್ಚಿಕೊಂಡಾಗ ಪಾದ ನಿಲ್ಲುತ್ತದೆ, ಮೈ ತಿರುಗುತ್ತದೆ, ಪೆಟ್ಟು ಮಂಡಿಗೆ. ಗಿಡ್ಡ, ಹೆಚ್ಚು ಸ್ಟಡ್ ಇರುವ ಶೂಗಳನ್ನೇ ಎಲ್ಲರಿಗೂ ಹೊಂದಿಸಿದ್ದೇವೆ.

ತಂಡದಲ್ಲಿ ಎತ್ತರದವರು ಕಡಿಮೆ. ಆದ್ದರಿಂದ ಕಾರ್ನರ್ ಕಿಕ್ ಅನ್ನು ಗೋಲಿನ ಹತ್ತಿರದ ಕಂಬದ ಕಡೆಗೆ ಒದೆಯುತ್ತೇವೆ. ಚೆಂಡಿಗೆ ಓಡಿ ಬರುವವನು 11 ಮೀಟರಿನ ಪೆನಾಲ್ಟಿ ಗುರುತಿನಿಂದ ಹೊರಡುತ್ತಾನೆ. ಮುಂಚೆಯೇ ಹೊರಟರೆ ಕಂಬದ ಬಳಿ ಕಾಯುತ್ತಾ ನಿಲ್ಲಬೇಕು, ಜಿಗಿತಕ್ಕೆ ವೇಗ ಉಳಿಯುವುದಿಲ್ಲ. ಒದೆಯುವವನ ಆಧಾರದ ಕಾಲು ನೆಲಕ್ಕೆ ತಾಗಿದಾಗ ಹೊರಡುವುದೇ ಸರಿಯಾದ ಗಳಿಗೆ. ಬಲಗಡೆಯಿಂದ ಇದು ಚೆನ್ನಾಗಿ ಕೂತಿದೆ. ಎಡಗಡೆಯ ಕಾರ್ನರ್‌ಗಳು ಇನ್ನೂ ಮೊದಲ ಡಿಫೆಂಡರನ್ನೇ ದಾಟುತ್ತಿಲ್ಲ. ಈ ವಾರದ ಕೆಲಸ ಅದೇ.