ಸೊನ್ನೆ ರೂಪಾಯಿಯ ಟಿಕೆಟ್ ಹಿಡಿದು ಸಿಗಂದೂರಿಗೆ

ತಿಪಟೂರಿನಲ್ಲಿ ಶಿವಮೊಗ್ಗದ ಕೆಂಪು ಬಸ್ ಹತ್ತಿ ಕೂತ ಮೇಲೆ ಚಿಕ್ಕಮ್ಮ ತಮ್ಮ ಟಿಕೆಟ್ಟನ್ನು ನಾಲ್ಕಾಗಿ ಮಡಚಿ ಪುಟ್ಟ ಪರ್ಸಿಗೆ ಸೇರಿಸಿದರು. ಪರ್ಸನ್ನು ವ್ಯಾನಿಟಿ ಬ್ಯಾಗಿನೊಳಗಿಟ್ಟು, ಜಿಪ್ ಎಳೆದು, ಜಿಪ್ಪಿನ ಮೇಲೆ ಕೈ ಇಟ್ಟುಕೊಂಡರು. ಅಷ್ಟು ಭದ್ರವಾಗಿ ಕಾಪಾಡಿದ ಆ ಟಿಕೆಟ್ಟಿನ ಬೆಲೆ ಸೊನ್ನೆ ರೂಪಾಯಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಹೆಂಗಸರಿಗೆ ಈ ಸೊನ್ನೆಯ ಮೇಲೆ ಇರುವ ಮಮಕಾರ ನೋಡುವುದೇ ಒಂದು ಸಂತೋಷ. ದುಡ್ಡು ಕೊಡಬೇಕಾಗಿಲ್ಲ, ಆದರೆ ಟಿಕೆಟ್ ಪಡೆಯಲೇಬೇಕು. ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡುವುದು ಈ ಸೊನ್ನೆ ಟಿಕೆಟ್ಟುಗಳ ಲೆಕ್ಕದ ಮೇಲೆ. ಹಾಗಾಗಿ ಚೆಕಿಂಗ್‌ನವರು ಹತ್ತಿದರೆ ಮೊದಲು ಕೇಳುವುದೂ ಅದನ್ನೇ. ಕೊಟ್ಟದ್ದು ಏನೂ ಇಲ್ಲ, ಕಳೆದುಕೊಂಡರೆ ಮಾತ್ರ ಕಷ್ಟ. ಚಿಕ್ಕಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಪ್ರಸಾದಕ್ಕೇನು ಬೆಲೆ ಇರುತ್ತಾ? ಹಾಗಂತ ಕೆಳಗೆ ಚೆಲ್ತೀವಾ?" ಎಂದರು.

ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ್ದರು. ಅದರಲ್ಲಿರುವ ಫೋಟೊ ಚಿಕ್ಕಮ್ಮನದೇ ಎಂದು ಚಿಕ್ಕಪ್ಪನೂ ಆಣೆ ಮಾಡಿ ಹೇಳಲಾರರು. ಅಷ್ಟು ಗಾಬರಿಯಿಂದ, ಅಷ್ಟು ಕಪ್ಪಾಗಿ ಮೂಡಿದೆ. ನಮ್ಮ ಪುಣ್ಯಕ್ಕೆ ಕಂಡಕ್ಟರ್ ಮುಖ ನೋಡಲೇ ಇಲ್ಲ, ವಿಳಾಸ ಓದಿ "ಕರ್ನಾಟಕದೋರು, ಆಯ್ತು ಬಿಡಿ ತಾಯಿ" ಎಂದು ಮೆಷಿನ್ ಒತ್ತಿದರು. ಈ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು. ನಮ್ಮ ಪಕ್ಕದ ಸಾಲಿನಲ್ಲಿ ಅಂಥದೊಂದು ಸೀಟಿನ ಮೇಲೆ ಮಗುವನ್ನು ಮಲಗಿಸಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು. ಆ ಸೀಟಿಗೆ ಹಕ್ಕಿದ್ದ ಮನುಷ್ಯ ಕಂಬಿ ಹಿಡಿದು ನಿಂತುಕೊಂಡೇ ಅರಸೀಕೆರೆಯವರೆಗೆ ಬಂದರು. ಆ ಮಗು ಎದ್ದಾಗ ಆಡಿಸಿದವರೂ ಅವರೇ. ಗೋಡೆಯ ಮೇಲೆ ಬರೆದದ್ದು ಒಂದು, ಬಸ್ಸಿನೊಳಗೆ ನಡೆಯುವುದು ಇನ್ನೊಂದು. ನಡೆಯುವುದೇ ಬಹಳ ಸಲ ಹೆಚ್ಚು ಚೆನ್ನಾಗಿರುತ್ತದೆ ಎಂದು ನನಗೆ ದಾರಿಯುದ್ದಕ್ಕೂ ಅನ್ನಿಸುತ್ತಲೇ ಇತ್ತು.

ನಮ್ಮ ಮುಂದಿನ ಸೀಟಿನವರಿಗೆ ಚಿಲ್ಲರೆ ಬರಬೇಕಿತ್ತು. ಕಂಡಕ್ಟರ್ ಅವರ ಟಿಕೆಟ್ ಹಿಂದೆ ಪೆನ್ನಿನಲ್ಲಿ ಒಂದು ಅಂಕಿ ಬರೆದು ಸುತ್ತಲೂ ಸೊನ್ನೆ ಸುತ್ತಿ ಮುಂದೆ ಹೋದರು. ಸಹಿ ಇಲ್ಲ, ಮೊಹರು ಇಲ್ಲ, ಸಾಕ್ಷಿಯಿಲ್ಲ. ಬ್ಯಾಂಕಿನಲ್ಲಿ ನಮ್ಮದೇ ದುಡ್ಡು ತೆಗೆಯಲು ಸಹಿ ಸ್ವಲ್ಪ ಸೊಟ್ಟಗಾದರೆ ವಾಪಸ್ ಕಳಿಸುತ್ತಾರೆ. ಇಲ್ಲಿ ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಒಂದು ಅಂಕಿಯನ್ನು ತೋರಿಸಿದರೆ ಸಾಕು. ತರೀಕೆರೆಯಲ್ಲಿ ಆತ ಇಳಿಯುವಾಗ ಕಂಡಕ್ಟರ್ ಟಿಕೆಟ್ ನೋಡುವ ಮೊದಲೇ ನೋಟು ಎಣಿಸಿ ಹಿಡಿದಿದ್ದರು. ಈಗ ಮೆಷಿನ್ನಿನಲ್ಲಿ ಕ್ಯೂಆರ್ ಕೋಡ್ ಬಂದಿದೆ, ಚಿಲ್ಲರೆಯ ಜಗಳ ಮುಗಿಯುತ್ತ ಬಂದಿದೆ. ಟಿಕೆಟ್ ಹಿಂದಿನ ಆ ಬರಹವೂ ಜೊತೆಗೇ ಹೋಗುತ್ತದಲ್ಲ ಎಂದು ನನಗೆ ನಿಜಕ್ಕೂ ಬೇಸರ.

ಕಡೂರು ದಾಟುವ ಮೊದಲು ಊಟಕ್ಕೆ ನಿಲ್ಲಿಸಿದ್ದರು. "ಹತ್ತು ನಿಮಿಷ, ಹತ್ತೇ ನಿಮಿಷ" ಎಂದು ಕಂಡಕ್ಟರ್ ಕೂಗಿದಾಗ ಬಸ್ಸಿನಲ್ಲಿ ಒಬ್ಬರೂ ಗಡಿಯಾರ ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಡ್ರೈವರ್ ಕೂತ ಮೇಜನ್ನು. ಅವರ ತಟ್ಟೆಯಲ್ಲಿ ಚಪಾತಿ ಇದ್ದರೆ ಇನ್ನೂ ಹೊತ್ತಿದೆ, ಅನ್ನಕ್ಕೆ ಬಂದರೆ ಬೇಗ ಬೇಗ ತಿನ್ನಬೇಕು, ಮಜ್ಜಿಗೆ ಲೋಟ ಎತ್ತಿದರೆ ಕೈ ತೊಳೆಯಬೇಕು. ಯಾರಿಗೂ ಯಾರೂ ಹೇಳಿಕೊಟ್ಟದ್ದಲ್ಲ. ಡ್ರೈವರ್ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹಾರ್ನ್ ಒತ್ತುವ ಹೊತ್ತಿಗೆ ಇಡೀ ಬಸ್ಸು ತುಂಬಿತ್ತು.

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಗಳ ಕೆಳಗೆ ಕರವಸ್ತ್ರಗಳು, ಟವೆಲ್ಲುಗಳು, ಒಂದು ಸ್ಕೂಲ್ ಬ್ಯಾಗು, ಒಂದು ಕಟ್ಟು ನುಗ್ಗೆಕಾಯಿ ಎದ್ದು ನಿಂತವು. ಕಿಟಕಿಯಿಂದ ಒಳಗೆ ಬಿದ್ದ ವಸ್ತು ಆ ಸೀಟಿನ ಒಡೆಯ. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಪ್ರತಿ ಸಲ ಬೆರಗಾಗುತ್ತದೆ. ಕ್ಯೂ ನಿಲ್ಲಿ ಎಂದರೆ ಯಾರೂ ನಿಲ್ಲುವುದಿಲ್ಲ. ಬಾಗಿಲಲ್ಲಿ ಇಳಿಯುವವರಿಗೆ ದಾರಿ ಬಿಡುವುದಿಲ್ಲ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಲುಬಿನಲ್ಲಿ. ಅಷ್ಟೆಲ್ಲ ಗುದ್ದಾಡಿ ಒಳಗೆ ನುಗ್ಗಿದ ಗಟ್ಟಿಮುಟ್ಟಾದ ಗಂಡಸು, ಖಾಲಿ ಸೀಟಿನ ಮೇಲೆ ಬಿದ್ದಿರುವ ಒಂದು ಮಾಸಿದ ಕರ್ಚೀಫ್ ಕಂಡ ಕೂಡಲೇ ತಲೆ ತಗ್ಗಿಸಿ ಹಿಂದಕ್ಕೆ ಹೋಗುತ್ತಾನೆ. ಅದರ ಒಡೆಯ ಇನ್ನೂ ಕೆಳಗೆ ಕಡಲೆಕಾಯಿ ಕೊಳ್ಳುತ್ತಿರಬಹುದು. ಆ ನುಗ್ಗೆಕಾಯಿ ಕಟ್ಟಿಗೂ ಅಷ್ಟೇ ಗೌರವ ಸಿಕ್ಕಿತು. ಅದು ಕಿಟಕಿ ಪಕ್ಕದ ಸೀಟಿನಲ್ಲಿ ಒಂಟಿಯಾಗಿ ಕೂತಿತ್ತು, ಅದರ ಯಜಮಾನತಿ ಕೊನೆಯಲ್ಲಿ ನಿಧಾನವಾಗಿ ಬಂದು ಅದನ್ನು ಮಡಿಲಿಗೆ ಎತ್ತಿಕೊಂಡರು.

ಸಾಗರದಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಸಿಗಂದೂರಿನ ಖಾಸಗಿ ಬಸ್ ಹತ್ತಿದೆವು. ಇಲ್ಲಿ ಶಕ್ತಿ ಇಲ್ಲ, ದುಡ್ಡು ಕೊಡಬೇಕು. ದುಡ್ಡು ಕೊಟ್ಟ ಮೇಲೆ ಚಿಕ್ಕಮ್ಮ ಬಹಳ ಹೊತ್ತು ಕೈ ಚಾಚಿಕೊಂಡೇ ಇದ್ದರು.

"ಎಂತ ಅಮ್ಮ?" ಕಂಡಕ್ಟರ್ ಹುಡುಗ ಕೇಳಿದ.

"ಟಿಕೆಟ್ಟು ಕಣಪ್ಪ."

"ಟಿಕೆಟ್ ಎಂತಕ್ಕೆ? ನೀವು ಸಿಗಂದೂರು, ಇಬ್ಬರು, ದುಡ್ಡು ಬಂತು. ನಂಗೆ ನೆನಪಿದೆ."

ಅವನಿಗೆ ನಿಜವಾಗಿಯೂ ನೆನಪಿತ್ತು. ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಹತ್ತಿದರು, ಯಾರು ಕೊಟ್ಟರು, ಯಾರು ನಾಳೆ ಕೊಡುತ್ತಾರೆ, ಎಲ್ಲವೂ. ಪುಕ್ಕಟೆ ಪ್ರಯಾಣಕ್ಕೆ ಅಚ್ಚಾದ ಟಿಕೆಟ್, ದುಡ್ಡು ಕೊಟ್ಟ ಪ್ರಯಾಣಕ್ಕೆ ಒಬ್ಬ ಹುಡುಗನ ನೆನಪು. ಅದರ ಜೊತೆಗೆ ಅವನು ದಾರಿಯಲ್ಲಿ ಪೇಪರ್ ಕಟ್ಟನ್ನು ಒಂದು ಅಂಗಡಿ ಕಟ್ಟೆಗೆ ಎಸೆದ, ಔಷಧಿಯ ಪೊಟ್ಟಣವೊಂದನ್ನು ಇಳಿದು ಹೋಗಿ ಕೊಟ್ಟು "ಊಟ ಆದ್ಮೇಲೆ ಅಂತೆ" ಎಂದು ಡಾಕ್ಟರ ಸೂಚನೆಯನ್ನೂ ಮುಟ್ಟಿಸಿದ. ಒಂದು ಮನೆಯ ದಣಪೆಯ ಹತ್ತಿರ ಯಾರೂ ನಿಂತಿರಲಿಲ್ಲ. ಡ್ರೈವರ್ ಬಸ್ ನಿಲ್ಲಿಸಿ ಕಾದರು. ಒಳಗಿನಿಂದ ಹೆಂಗಸೊಬ್ಬರು ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದರು. ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲ, ಅವರವರ ಮನೆ ಮುಂದೂ ನಾಳೆ ಇದೇ ಬಸ್ಸು ಕಾಯಬೇಕು.

ಆಮೇಲೆ ಅಂಬಾರಗೋಡ್ಲು, ಹೊಳೆಬಾಗಿಲು, ಸೇತುವೆ.

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಕಟ್ಟಿದ ಈ ತೂಗುಕೇಬಲ್ಲಿನ ಸೇತುವೆಯ ಉದ್ದ 2.44 ಕಿಲೋಮೀಟರ್. ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಈ ಹಿನ್ನೀರನ್ನು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಡುವಿನ 60 ವರ್ಷ ಆಚೆ ದಡದ ತುಮರಿ ಕಡೆಯ ಜನ ಲಾಂಚನ್ನು ನಂಬಿಕೊಂಡು ಬದುಕಿದರು. ನಾಡಿಗೆಲ್ಲ ಕರೆಂಟು ಕೊಡಲು ತಮ್ಮ ಗದ್ದೆ, ತೋಟ, ಮನೆ ಮುಳುಗಿಸಿಕೊಂಡವರು, ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ ಏನು ಮಾಡುವುದೆಂದು ಪ್ರತಿ ಸಂಜೆ ಯೋಚಿಸಬೇಕಿತ್ತು. ನೀರು ಹೆಚ್ಚಾಗಿದ್ದಕ್ಕೆ ಅವರು ದ್ವೀಪವಾದರು. ಮಳೆ ಕಡಿಮೆಯಾದ ವರ್ಷ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದೇ ನಿಂತುಹೋಗುತ್ತಿತ್ತು. ನೀರು ಬಂದರೂ ಅವರಿಗೇ ತೊಂದರೆ, ಹೋದರೂ ಅವರಿಗೇ. ಇದು ನಗಿಸುವ ಅಸಂಗತವಲ್ಲ. ಇಷ್ಟು ವರ್ಷ ಹಿಡಿದದ್ದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸೇತುವೆಯ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ಬೇಗ ದಾಟಲೆಂದು ಕಟ್ಟಿದ ಸೇತುವೆಯ ಮೇಲೆ ದಾಟುವ ಆತುರ ಇದ್ದದ್ದು ನಮ್ಮ ಬಸ್ಸಿಗೊಂದಕ್ಕೇ. ಕಂಬಗಳಿಂದ ಇಳಿದ ಕೇಬಲ್ಲುಗಳು ವೀಣೆಯ ತಂತಿಯ ಹಾಗೆ ಬಿಗಿದಿದ್ದವು, ಅದರ ಕೆಳಗೆ ಮದುವೆ ಸೀರೆಯ ಹುಡುಗಿ, ಪಂಚೆಯುಟ್ಟ ಹುಡುಗ, ಅವರಿಬ್ಬರಿಗೂ ಕೈ ಹೇಗಿಡಬೇಕೆಂದು ಹೇಳುವ ಕ್ಯಾಮೆರಾದವನು. ನಮ್ಮ ಹಿಂದಿನ ಸೀಟಿನಲ್ಲಿ ತುಮರಿ ಕಡೆಯ ಹಿರಿಯರೊಬ್ಬರಿದ್ದರು. ಅವರೆಂದರು: "ಲಾಂಚ್ ಇದ್ದಾಗ ಸೇತುವೆ ಬೇಕು ಅಂತ ನಾವು ಅಲೆದಿದ್ದೇ ಅಲೆದಿದ್ದು. ಈಗ ಪೇಟೆಯಿಂದ ಬಂದವರೆಲ್ಲ ಕೇಳೋದು, ಲಾಂಚ್ ಎಲ್ಲಿ ಮಾರಾಯ್ರೆ, ಒಂದ್ ರೌಂಡ್ ಹೋಗ್ಬೇಕಿತ್ತು ಅಂತ."

"ನೀವೇನಂತೀರಿ ಅಣ್ಣ?" ಚಿಕ್ಕಮ್ಮ ಕೇಳಿದರು.

"ಎಂತ ಹೇಳೋದು? ಮಳೆಗಾಲದಲ್ಲಿ ಒಂದ್ ರಾತ್ರಿ ಬನ್ನಿ ಅಂದೆ."

ಅವರಿಂದಲೇ ಮಡೆನೂರಿನ ಮಾತೂ ಬಂತು. ಜೋಗದ ಹಳೆಯ ವಿದ್ಯುತ್ ಕೇಂದ್ರಕ್ಕೆಂದು 1940ರ ದಶಕದಲ್ಲಿ ಅಲ್ಲಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಲಿಂಗನಮಕ್ಕಿ ಬಂದಾಗ ಅದರ ನೀರಿನಲ್ಲಿ ಆ ಅಣೆಕಟ್ಟೇ ಮುಳುಗಿತು. ಊರುಗಳನ್ನು ಮುಳುಗಿಸಿದ ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ಮುಳುಗಿಸಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಹೆಚ್ಚಾದ ನೀರನ್ನು ಹೊರಬಿಡುತ್ತಿದ್ದ ಅದರ ಸೈಫನ್ನುಗಳ ದೊಡ್ಡ ದೊಡ್ಡ ಬಾಯಿಗಳು ಮೇಲೆ ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. "ನಮ್ಮಪ್ಪ ಆ ಡ್ಯಾಮು ನೋಡಕ್ಕೆ ಹೋದಾಗ ತುಂಬಿತ್ತಂತೆ. ನಾನು ಹೋದಾಗ ಒಣಗಿತ್ತು. ಒಂದೇ ಡ್ಯಾಮು" ಎಂದು ಹೇಳಿ ಅವರು ಇಳಿಯಲು ಎದ್ದರು.

ಸಿಗಂದೂರಿನ ಚೌಡೇಶ್ವರಿ ಕಳ್ಳರಿಂದ ಕಾಪಾಡುವ ದೇವಿ. ಮಲೆನಾಡಿನಲ್ಲಿ ಓಡಾಡಿದವರೆಲ್ಲ ಆ ಬೋರ್ಡನ್ನು ನೋಡಿಯೇ ಇರುತ್ತಾರೆ: ಅಡಿಕೆ ತೋಟದ ಬೇಲಿಯ ಮೇಲೆ, ಕಟ್ಟುತ್ತಿರುವ ಮನೆಯ ಗೋಡೆಯ ಮೇಲೆ, ಖಾಲಿ ಸೈಟಿನ ನಡುವೆ, "ಶ್ರೀ ದೇವಿಯ ರಕ್ಷಣೆ ಇದೆ." ಚಿಕ್ಕಮ್ಮ ಅಷ್ಟು ದೂರದಿಂದ ಬಂದದ್ದೂ ಅದಕ್ಕೇ. ಹೋದ ವರ್ಷ ಕೊಬ್ಬರಿಗೆಂದು ಬಿಟ್ಟ ಕಾಯಿಗಳು ತೋಟದಿಂದ ರಾತ್ರೋರಾತ್ರಿ ಮಾಯವಾಗಿದ್ದವು. ಚಿಕ್ಕಪ್ಪ ತಂತಿಬೇಲಿ ಹಾಕಿಸಿದರು, ಕಳ್ಳರು ಬೇಲಿಯ ತಂತಿಯನ್ನೂ ಬಿಡಲಿಲ್ಲ. ಕ್ಯಾಮೆರಾ ಹಾಕಿಸೋಣ ಎಂದಾಗ ಚಿಕ್ಕಮ್ಮ ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ: "ಆ ಕ್ಯಾಮೆರಾನ ಯಾರು ಕಾಯೋದು?"

ದರ್ಶನಕ್ಕೆ ಸಾಲು ಉದ್ದ ಇತ್ತು, ಬೇಗ ಸಾಗಿತು. ಹೊರಗೆ ಚಪ್ಪಲಿ ಬಿಡುವಾಗ ಮಾತ್ರ ಒಂದು ಕ್ಷಣ ಚಿಕ್ಕಮ್ಮನ ಕೈ ಹಿಂಜರಿಯಿತು, ಹೊಸ ಚಪ್ಪಲಿ. ಪಕ್ಕದಲ್ಲಿದ್ದವರು "ಇಲ್ಲೂ ಹೆದರಿದ್ರೆ ಹ್ಯಾಂಗೆ ಅಮ್ಮ?" ಎಂದು ನಕ್ಕರು. ಚಪ್ಪಲಿ ಇಟ್ಟಲ್ಲೇ ಇತ್ತು.

ಮರಳುವಾಗ ಸಾಗರದ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿಗೆ ಹಬ್ಬದ ಜನ. ಬಾಗಿಲಿನತ್ತ ಹೋಗುವುದು ಸಾಧ್ಯವೇ ಇರಲಿಲ್ಲ, ನಮ್ಮ ಟವೆಲ್ಲು ಬ್ಯಾಗಿನ ತಳದಲ್ಲೆಲ್ಲೋ ಸೇರಿತ್ತು. ಚಿಕ್ಕಮ್ಮ ಕೈಯಲ್ಲಿದ್ದದ್ದನ್ನೇ ಕಿಟಕಿಯಿಂದ ಒಳಗೆ ತೂರಿಸಿ ಸೀಟಿನ ಮೇಲೆ ನಿಲ್ಲಿಸಿದರು. ಅದು ಹೊಸ ಬೋರ್ಡು. ನಾವು ಒಳಗೆ ಹೋಗುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ನಮ್ಮ ಸೀಟಿನ ಸುತ್ತ ಮಾತ್ರ ಒಂದು ಮೊಳ ಬಯಲು. ಎದುರಿಗೆ "ಶ್ರೀ ದೇವಿಯ ರಕ್ಷಣೆ ಇದೆ" ಎಂದು ನಿಂತಿದೆ, ಅದರ ಮುಂದೆ ಇಬ್ಬರು ಕಾಲೇಜು ಹುಡುಗರು ಅಕ್ಷರಶಃ ಕೈಕಟ್ಟಿ ನಿಂತಿದ್ದಾರೆ. ಚಿಕ್ಕಮ್ಮ ಬೋರ್ಡನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿಟ್ಟು ಕೂತರು. ಮೂರು ಜನರ ಸೀಟು ಅದು. ಹುಡುಗರಲ್ಲೊಬ್ಬನನ್ನು ಕರೆದು "ಬಾರಪ್ಪ, ಅಡ್ಜಸ್ಟ್ ಮಾಡ್ಕೊಳ್ಳಾಣ" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. ಅವನು ಶಿವಮೊಗ್ಗದವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದ.

ಊರಿನಲ್ಲಿ ಬೋರ್ಡನ್ನು ತೋಟದ ದಾರಿಯ ಮೊದಲ ತೆಂಗಿನ ಮರಕ್ಕೆ ಕಟ್ಟುತ್ತಿದ್ದಾಗ ಪಕ್ಕದ ತೋಟದವರು ಬಂದು ನಿಂತರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕೊನೆಗೆ, "ಅಕ್ಕಾ, ಒಂಚೂರು ಈ ಕಡೆಗೆ ತಿರುಗಿಸಿ ಕಟ್ಸಿ. ನಮ್ಮ ಎರಡು ಸಾಲಿಗೂ ಆಗ್ತದೆ" ಎಂದರು. ಏಣಿಯ ಮೇಲಿದ್ದ ಚಿಕ್ಕಪ್ಪ ಕೆಳಗೆ ನೋಡಿದರು. ಚಿಕ್ಕಮ್ಮ ಏಣಿಯನ್ನೇ ಎತ್ತಿಸಿ ಬದುವಿನ ಮೇಲಿನ ಮರಕ್ಕೆ ಆನಿಸಿದರು. ಆ ಮರ ಯಾರದೆಂದು ಎರಡು ಮನೆಗಳ ನಡುವೆ ಹತ್ತಾರು ವರ್ಷದಿಂದ ವ್ಯಾಜ್ಯವಿದೆ.