ವಿಜಯಪುರ ನಡಿಗೆ ನಕ್ಷೆ: ಉತ್ತರದ ಬಾಣ ಹೋಯ್ತು, ಗುಮ್ಮಟ ಬಂತು

ನಾನು ಬರೆಯುತ್ತಿರುವ ವಿಜಯಪುರ ನಡಿಗೆ ನಕ್ಷೆಯಿಂದ ಉತ್ತರ ದಿಕ್ಕಿನ ಬಾಣವನ್ನು ಕಿತ್ತು ಹಾಕಿದೆ. ಆ ಜಾಗದಲ್ಲೀಗ ಉಗುರಿನಷ್ಟು ದೊಡ್ಡ ಗೋಳಗುಮ್ಮಟದ ಚಿತ್ರ, ಪಕ್ಕದಲ್ಲಿ ಒಂದು ಬಾಣ. ತಿಂಗಳುಗಟ್ಟಲೆ ತಲೆ ತಿಂದ ಸಮಸ್ಯೆ ಮುಕ್ಕಾಲು ಪಾಲು ಮುಗಿದಿದೆ. ಉಳಿದ ಕಾಲು ಪಾಲು ಪ್ರಿಂಟಿಂಗ್ ಅಂಗಡಿಯವರ ಕೈಯಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಗೈಡ್ ಬೇಡ, ಫೋನ್ ಜೇಬಲ್ಲೇ ಇರಲಿ, ಒಂದು ಕಾಗದ ಹಿಡಿದು ಒಂದೇ ದಿನದಲ್ಲಿ ವಿಜಯಪುರ ನಡೆದು ನೋಡಬೇಕು. ಬೆಳಗ್ಗೆ ಗೋಳಗುಮ್ಮಟದ ಬಾಗಿಲು ತೆಗೆದ ಕೂಡಲೇ ಶುರು, ಶಾಲೆ ಮಕ್ಕಳ ಬಸ್ಸು ಬರುವ ಮೊದಲೇ ಪಿಸುಮಾತಿನ ಗ್ಯಾಲರಿ ಮುಗಿಸಬೇಕು. ಮಕ್ಕಳು ಹತ್ತಿದ ಮೇಲೆ ಅಲ್ಲಿ ಪಿಸುಮಾತು ಎಲ್ಲಿಂದ ಬಂತು, ಬರೀ ಕೂಗು. ಅಲ್ಲಿಂದ ಜಾಮಿಯಾ ಮಸೀದಿ, ಮೆಹ್ತರ್ ಮಹಲ್, ಅಸರ್ ಮಹಲ್, ಅರಕಿಲ್ಲೆಯೊಳಗೆ (ಊರ ನಡುವಿನ ಒಳಕೋಟೆ) ಗಗನ ಮಹಲ್, ಬಾರಾ ಕಮಾನ್. ಖಾನಾವಳಿಯಲ್ಲಿ ರೊಟ್ಟಿ ಊಟ. ಬಿಸಿಲು ಇಳಿದ ಮೇಲೆ ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು (ಫಿರಂಗಿ), ಕೊನೆಗೆ ಇಬ್ರಾಹಿಂ ರೋಜಾ. ಸಂಜೆ ಹೊತ್ತಿಗೆ ಅಲ್ಲಿ ಗೋರಿಯ ಪಡುವಣ ಗೋಡೆ ಮೇಲೆ ಬೆಳಕು ಬೀಳುತ್ತದೆ, ಕೆತ್ತನೆ ಎದ್ದು ಕಾಣುತ್ತದೆ. ಆದ್ದರಿಂದ ಈ ಕ್ರಮವನ್ನು ತಿರುಗಿಸುವ ಮಾತೇ ಇಲ್ಲ. ನಡೆದ ದಾರಿಯ ಟ್ರ್ಯಾಕ್ ರೆಕಾರ್ಡ್ ಮಾಡಿದ್ದು, ಇಂಟರ್ನೆಟ್ಟಿನ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಕೂರಿಸಿದ್ದು, ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರಲ್ಲಿ ಗೆರೆ ಎಳೆದಿದ್ದು ಎಲ್ಲ ನಿಮಗೂ ಗೊತ್ತಿರುವ ಕತ್ತೆ ಚಾಕರಿ. ಬಿಟ್ಟು ಮುಂದೆ ಹೋಗೋಣ.

ತೊಂದರೆ ಎಲ್ಲಿ ಅಂದ್ರೆ, ಗುಮ್ಮಟ ಊರಿನ ಪೂರ್ವದ ತುದಿಯಲ್ಲಿ, ರೋಜಾ ಪಶ್ಚಿಮದಲ್ಲಿ ಕೋಟೆ ಗೋಡೆಯ ಹೊರಗೆ. ನೇರ ಗೆರೆ ಎಳೆದರೆ ಮಧ್ಯೆ ಮೂರೂವರೆ ಕಿ.ಮೀ. ಆಸುಪಾಸು. ನೋಡುವ ಜಾಗಗಳಲ್ಲಿ ಅರ್ಧಕ್ಕರ್ಧ ಅರಕಿಲ್ಲೆ ಸುತ್ತಲೇ ಗುಂಪುಗಟ್ಟಿವೆ. ಸ್ಕೇಲ್ ಪ್ರಕಾರ ಬರೆದರೆ ಎರಡು ಬದಿ ಖಾಲಿ ಕಾಗದ, ನಡುವೆ ಅಕ್ಷರಗಳ ಸಂತೆ. ಹಾಗಾಗಿ ಸ್ಕೇಲಿಗೆ ಕೈಮುಗಿದು ಪಟ್ಟಿ ನಕ್ಷೆಗೆ ಇಳಿದೆ. ಎ3 ಹಾಳೆಯನ್ನು ಉದ್ದಕ್ಕೆ ಎರಡು ಸೀಳು ಮಾಡಿದರೆ 42 ಸೆಂ.ಮೀ. ಉದ್ದದ ಪಟ್ಟಿ. 7 ಸೆಂ.ಮೀ.ಗೊಂದು ಮಡಿಕೆ, ಒಟ್ಟು ಆರು ಮನೆ. ಪ್ರತಿ ಮನೆಯಲ್ಲೂ ನಡೆಯುವ ದಾರಿ ಕೆಳಗಿನಿಂದ ಮೇಲಕ್ಕೆ. ಅಂಗಿ ಜೇಬಿಗೆ ಸರಿಯಾಗಿ ಹಿಡಿಸುತ್ತದೆ.

ದಾರಿ ತಿರುಗಿದಂತೆ ಮನೆಯೂ ತಿರುಗಿತು, ಮನೆ ತಿರುಗಿದಂತೆ ಉತ್ತರವೂ ತಿರುಗಿತು. ಮೊದಲ ಮನೆಯಲ್ಲಿ ಉತ್ತರ ಕೆಳಗೆ, ಮೂರನೆಯದರಲ್ಲಿ ಬಲಕ್ಕೆ, ನಾಲ್ಕರಲ್ಲಿ ಎಲ್ಲೋ ಮೂಲೆಗೆ. ತಂಗಿ ಮತ್ತು ಅವಳ ಗೆಳತಿಯರ ಕೈಗೆ ಕೊಟ್ಟು ನಡೆಯಲು ಬಿಟ್ಟೆ. ಅರಕಿಲ್ಲೆ ಹತ್ತಿರ ಫೋನ್ ಬಂತು: "ಅಣ್ಣಾ, ನಿನ್ನ ಉತ್ತರ ನಿನ್ನ ಹತ್ರಾನೇ ಇಟ್ಕೋ, ನಾವು ಎಡಕ್ಕೆ ಹೋಗ್ಬೇಕಾ ಬಲಕ್ಕಾ?" ಅರಕಿಲ್ಲೆಯ ಗೋಡೆ ಹೆಚ್ಚುಕಡಿಮೆ ದುಂಡಗಿದೆ. ಅದರ ಸುತ್ತಿನ ರಸ್ತೆಯೂ ಗೊತ್ತೇ ಆಗದ ಹಾಗೆ ಬಾಗುತ್ತದೆ. ನೆಟ್ಟಗೆ ಹೋಗ್ತಿದ್ದೀವಿ ಅಂದುಕೊಂಡವರು ಬೇರೆ ದಿಕ್ಕಿಗೆ ಮುಖ ಮಾಡಿರುತ್ತಾರೆ. ಬಾಣ ದೊಡ್ಡದು ಮಾಡಿದೆ, ಕೆಂಪು ಬಣ್ಣ ಕೊಟ್ಟೆ, ಮನೆಗೊಂದು ದಿಕ್ಸೂಚಿ ಹೂವು ಬಿಡಿಸಿದೆ. ನಕ್ಷೆ ಚಂದ ಆಯ್ತು, ಜನ ದಾರಿ ತಪ್ಪುವುದು ತಪ್ಪಲಿಲ್ಲ.

ಈ ಗಂಟು ಬಿಡಿಸಿಕೊಟ್ಟಿದ್ದು ಗಾಂಧಿ ಚೌಕದ ಹತ್ತಿರ ನಿಂತಿದ್ದ ಒಬ್ಬ ಟಾಂಗಾ ಯಜಮಾನರು. ಪರೀಕ್ಷೆಗೆ ಅಂತ ಸುಮ್ನೆ ಕೇಳಿದೆ, "ಯಜಮಾನ್ರ, ಉತ್ತರ ಯಾ ಕಡೆ ರೀ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಆಕಾಶ ನೋಡಿದರು. "ಗುಮ್ಮಟ ಯಾ ಕಡೆ?" ಅಂದಾಗ ತಲೆ ತಿರುಗಿಸಲೂ ಇಲ್ಲ, ಚಾಟಿ ಹಿಡಿದ ಕೈ ಹಿಂದಕ್ಕೆ ಹೋಯಿತು. ನಾನು ಕಂಪಾಸ್ ತೆಗೆದು ನೋಡಿದೆ. ಕರಾರುವಾಕ್ಕು! ಎದುರಿಗೆ ಎರಡು ಅಂತಸ್ತಿನ ಅಂಗಡಿ ಸಾಲು, ಗುಮ್ಮಟ ಕಾಣುತ್ತಲೇ ಇರಲಿಲ್ಲ.

ನಮ್ಮ ದಾರಿ ಇಡೀ ಗುಮ್ಮಟದ ಪಶ್ಚಿಮಕ್ಕೇ ಇದೆ. ಹೊರಗಿನ ಅಡ್ಡಳತೆ ಸುಮಾರು 44 ಮೀಟರ್ ಇರುವ ಗುಮ್ಮಟ, ಎತ್ತರಕ್ಕೆ ಹೋದ ಕಡೆಯೆಲ್ಲ ಕಣ್ಣಿಗೆ ಬೀಳುತ್ತದೆ. ಕಾಣದಿದ್ದರೆ ಯಾರನ್ನು ಕೇಳಿದರೂ ಕೈ ತೋರಿಸುತ್ತಾರೆ. ಬಾಣ ಗುಮ್ಮಟದ ಕಡೆ ಬರುವ ತನಕ ಕಾಗದ ತಿರುಗಿಸಿ, ಆಗ ಮನೆಯ ಮೇಲ್ತುದಿ ಹೋಗಬೇಕಾದ ದಾರಿಗೆ ಎದುರಾಗುತ್ತದೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹ ತನ್ನ ಗೋರಿ ಮೇಲೆ ಇಷ್ಟು ದೊಡ್ಡ ದಿಕ್ಸೂಚಿ ಎಬ್ಬಿಸಿ ಇಟ್ಟಿರುವಾಗ ನಾನು ಕೆಂಪು ಬಾಣಕ್ಕೆ ಬಣ್ಣ ಹಚ್ಚುತ್ತಾ ಕೂತಿದ್ದೆ ನೋಡಿ.

ಆದರೂ ಕೊಸರು ಉಳಿಯಿತು. ಹತ್ತಿರದಲ್ಲಿ ಬಾಣ ಬೇಗ ಬೇಗ ತಿರುಗುತ್ತದೆ. ಗುಮ್ಮಟದ ದಕ್ಷಿಣದ ಬಾಗಿಲಲ್ಲಿ ನಿಂತಾಗ ಅದು ಉತ್ತರಕ್ಕೆ, ಜಾಮಿಯಾ ಮಸೀದಿ ತಲುಪುವಷ್ಟರಲ್ಲಿ ಈಶಾನ್ಯಕ್ಕೆ. ಅಲ್ಲಿಂದಾಚೆಗೆ ರೋಜಾವರೆಗೂ ನಿಧಾನವಾಗಿ ಪೂರ್ವಕ್ಕೆ ಸರಿಯುತ್ತದೆ ಅಷ್ಟೇ. ಅದಕ್ಕೆ ಮೊದಲ ಮನೆಗೆ ಮಾತ್ರ ಎರಡು ಬಾಣ.

ಇನ್ನೊಂದು ಜಾಮಿಯಾ ಮಸೀದಿಯದೇ ತಕರಾರು. ಅದಕ್ಕೂ ದೊಡ್ಡ ಗುಮ್ಮಟ ಇದೆ ಅಲ್ವಾ? ಮೆಹ್ತರ್ ಮಹಲ್ ಹತ್ತಿರ ಹಿಂತಿರುಗಿ ನೋಡಿದ ತಂಗಿಯ ತಂಡ ಅದನ್ನೇ ಗೋಳಗುಮ್ಮಟ ಅಂತ ಹಿಡಿದು ಗಲ್ಲಿ ತಪ್ಪಿತು. ನನ್ನ ಪುಟ್ಟ ಚಿತ್ರ ಬರೀ ಅರ್ಧಗೋಳ ಆಗಿದ್ದರೆ ಯಾರಾದರೂ ಹಾಗೇ ತಿಳಿಯುತ್ತಾರೆ. ಈಗ ನಾಲ್ಕು ಮೂಲೆಯ ಏಳಂತಸ್ತಿನ ಗೋಪುರಗಳನ್ನೂ ಸೇರಿಸಿದ್ದೇನೆ. ಮಸೀದಿಗೆ ಮಿನಾರುಗಳನ್ನು ಕಟ್ಟಿ ಮುಗಿಸಲೇ ಇಲ್ಲ, ಆದ್ದರಿಂದ ಗೋಪುರ ಇದ್ದರೆ ಗೋಳಗುಮ್ಮಟ, ಇಲ್ಲದಿದ್ದರೆ ಮಸೀದಿ.

ನೀವೂ ಬೇರಿಂಗ್ (ಕಂಪಾಸ್ ಹಿಡಿದು ದಿಕ್ಕಿನ ಕೋನ) ಅಳೆಯುವವರಾದರೆ ಒಂದು ಎಚ್ಚರಿಕೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜಿನ ಮೇಲಿಂದ ಊರೆಲ್ಲ ಕಾಣುತ್ತದೆ, ಅಳತೆಗೆ ಅದೇ ಒಳ್ಳೆ ಜಾಗ. ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು ಹತ್ತಿ ತೋಪಿನ ಮೇಲೆ ಕಂಪಾಸ್ ಇಟ್ಟರೆ ಮಾತ್ರ ಕೆಟ್ಟಿರಿ. ಆ ಉದ್ದನೆಯ ತೋಪುಗಳು ಕಬ್ಬಿಣದವು, ಮುಳ್ಳು ಆ ಕಡೆಗೇ ವಾಲುತ್ತದೆ. ದೂರ ಸರಿದು ಗೋಡೆ ಅಂಚಿಗೆ ಬನ್ನಿ. ಮಲಿಕ್-ಎ-ಮೈದಾನ್ ಹತ್ತಿರ ಈ ರಗಳೆ ಇಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ಆಸುಪಾಸಿನ ಕಂಚು. ಗುದ್ದಿದರೆ ಗಂಟೆಯ ಹಾಗೆ ಗುಂಯ್ ಅನ್ನುತ್ತದೆ, ಮುಳ್ಳು ಅಲುಗುವುದಿಲ್ಲ.

ಇನ್ನು ಪ್ರಿಂಟಿಂಗ್. ಅಂಗಡಿಯ ಹುಡುಗನಿಗೆ 'ಫಿಟ್ ಟು ಪೇಜ್' ಒತ್ತಬೇಡಪ್ಪಾ ಅಂತ ಹೇಳಿ, ಬರೆದು, ಕೊನೆಗೆ ಫೈಲಿನ ಹೆಸರಿಗೇ ಅದನ್ನು ಸೇರಿಸಿ ಕೊಟ್ಟೆ. ಒತ್ತಿದ. ಮನೆಗಳೆಲ್ಲ ಕಿರಿದಾಗಿ ಮಡಿಕೆ ಗಗನ ಮಹಲಿನ ಕಮಾನಿನ ನಟ್ಟನಡುವೆ ಬಂತು. 1561ರಿಂದ ನಿಂತ ಕಮಾನು, ನನ್ನ ಕಾಗದದಲ್ಲಿ ಸೀಳಿ ಹೋಯಿತು. ಇನ್ನೊಂದು ಅಂಗಡಿಯ ಹಳೆಯ ಡಿ.ಟಿ.ಪಿ. ಸಾಫ್ಟ್‌ವೇರಲ್ಲಿ ಯೂನಿಕೋಡ್ ಒತ್ತಕ್ಷರ ಒಡೆದು ಗುಮ್ಮಟ 'ಗುಮ್‌ಮಟ' ಆಗಿತ್ತು. "ಅರ್ಥ ಆಗುತ್ತಲ್ಲ ಸಾರ್" ಅಂದರು. ಹಾಗಾಗಿ ಎಲ್ಲ ಅಕ್ಷರವನ್ನೂ ಚಿತ್ರದ ಗೆರೆಗೆ, ಅಂದ್ರೆ ಪಾತ್‌ಗೆ ಬದಲಾಯಿಸಿದ ಮೇಲೇ ಪಿ.ಡಿ.ಎಫ್. ಮಾಡಿ ಕೊಡಿ. ಆರ್ಟ್ ಪೇಪರ್ ಬೇಡವೇ ಬೇಡ, ಮಧ್ಯಾಹ್ನದ ಬಿಸಿಲಿಗೆ ಕನ್ನಡಿ ಹಿಡಿದಂತೆ ಹೊಳೆಯುತ್ತದೆ. ಮ್ಯಾಟ್ ಕಾಗದ ತೊಗೊಳ್ಳಿ. ಮಡಿಸುವ ಮುಂಚೆ ಖಾಲಿಯಾದ ಬಾಲ್‌ಪೆನ್ನಲ್ಲಿ ಸ್ಕೇಲ್ ಇಟ್ಟು ಒತ್ತಿ ಗೆರೆ ಎಳೆದರೆ ಅಂಚು ಬಿರಿಯುವುದಿಲ್ಲ.

ಇದರ ನಡುವೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ. ಊರಿನ ದಕ್ಷಿಣಕ್ಕಿರುವ ಬೇಗಂ ತಲಾಬಿನಿಂದ ಆದಿಲ್ ಶಾಹಿ ಕಾಲದಲ್ಲಿ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಿರಲಿ ಅಂತ ಅಲ್ಲಲ್ಲಿ 'ಗಂಜ್' ಅನ್ನುವ ನೀರಿನ ಗೋಪುರ ಕಟ್ಟಿದ್ದರು. ಗೋಪುರದಿಂದ ಗೋಪುರಕ್ಕೆ ನಡೆದು ಆ ನೀರಿನ ದಾರಿಯದೇ ಒಂದು ಪಟ್ಟಿ ಬರೆಯಬೇಕು. ಅಲ್ಲಿ ಗುಮ್ಮಟದ ಬಾಣದ ಜೊತೆ ಪ್ರತಿ ಮನೆಗೂ ನೆಲದ ಎತ್ತರ ಬೇಕು, ಫೋನಿನ ಜಿ.ಪಿ.ಎಸ್. ಹೇಳುವ ಎತ್ತರ ಆ ಕೆಲಸಕ್ಕೆ ಬರುವುದಿಲ್ಲ. ಪಾರದರ್ಶಕ ಪೈಪಲ್ಲಿ ನೀರು ತುಂಬಿ ಗಾರೆಯವರು ಮಟ್ಟ ಹಿಡಿಯುತ್ತಾರಲ್ಲ, ಅದನ್ನೇ ಇಬ್ಬರು ಹಿಡಿದುಕೊಂಡು ಹೋಗುವ ಯೋಚನೆ. ತಂಗಿ ಬರಲ್ಲ ಅಂದಿದ್ದಾಳೆ. ಪೈಪ್ ಹಿಡಿಯಲು ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಿದ್ದೇನೆ, ಊಟದ ಖರ್ಚು ನನ್ನದು.